ನುಗ್ಗೆಸೊಪ್ಪಿನ ಚಹಾ ತಂದಾಕೆ

ಮಕ್ಕಳೇ ಸುಮಾ, ವೀರೇಶ, ನಮ್ಮೂರು ದೇಶನೂರಿನಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಇದ್ದಳು. ಮಾತಿಗೊಮ್ಮೆ ಮೊಣಕಾಲು ತಟ್ಟಿಕೊಂಡು, "ಎಲುಬಿಗೂ ಹಸಿವೈತ್ರಿ" ಅನ್ನುತ್ತಿದ್ದಳು.

ಒಮ್ಮೆ ನಮ್ಮ ಕಟ್ಟೆಯ ಮೇಲೆ ಹೆಂಗಸರಿಗೆಲ್ಲ ನುಗ್ಗೆಸೊಪ್ಪಿನ ಚಹಾ ಕೊಟ್ಟು ನನ್ನನ್ನು ಕೇಳಿದಳು: "ಅಕ್ಕಾರ, ಮುಟ್ಟು ನಿಂತೈತೇನ್ರಿ? ನಿಂತ ಮ್ಯಾಲ ಎಲುಬು ಸವೀತಾವ. ಬರೇ ಚಹಾ ಸಾಲಂಗಿಲ್ಲ, ಸಿರುಗುಪ್ಪದ ದವಾಖಾನ್ಯಾಗ ಎಲುಬು ತೋರಿಸೋಣು."

ನಿಂತು ಮೂರು ವರ್ಷವಾಗಿತ್ತು. ಆದರೂ ತಿಂಗಳಿಗೊಮ್ಮೆ ಹೊರಗೆ ಕೂತು, ಮೂರು ದಿನ ಮನೆಗೆಲಸ ತಪ್ಪಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲೇ ಅತ್ತೆ ಇದ್ದರು.

"ನಾಚಿಕಿಲ್ಲೇನ ನಿನಗ? ಇನ್ನೂ ನಿಂತಿಲ್ಲ!" ಎಂದು ಬೈದೆ. ಹೆಂಗಸರು ನಕ್ಕರು. ಆಕೆ ತಲೆ ತಗ್ಗಿಸಿ ಲೋಟ ತೊಳೆದಳು.

ಮರುವರ್ಷ ಹಿತ್ತಲಲ್ಲಿ ಜಾರಿ ಕೈ ಮುರಿದುಕೊಂಡೆ. ಬಳ್ಳಾರಿ ಆಸ್ಪತ್ರೆಗೆ ಆಕೆಯೇ ಕರೆದೊಯ್ದಳು. ಡಾಕ್ಟರು ಮುಟ್ಟಿನ ಬಗ್ಗೆ ಅದನ್ನೇ ಕೇಳಿದಾಗ, ನನಗೆ ನಾಚಿಕೆಯಾದೀತೆಂದು ತಾನೇ ಉತ್ತರಿಸಿದಳು: "ಇನ್ನೂ ನಿಂತಿಲ್ರಿ ಸರ್."

ನಿಜ ಏನೆಂದು ನಾನು ಡಾಕ್ಟರಿಗೂ ಹೇಳಲಿಲ್ಲ. ಆಕೆಗೆ ಇಂದಿಗೂ ಹೇಳಿಲ್ಲ. ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನ ಮಾಡಿರಿ, ಮಕ್ಕಳೇ.