ಪದ್ಮಾವತಿಯ ಪಾಳಿ

ವಡೋದರಾದ ಮಂಜಲ್‌ಪುರದಲ್ಲಿ ಕನ್ನಡದವರ ಮನೆಯಲ್ಲಿ ಏನೇ ಕೆಟ್ಟರೂ ಮೊದಲು ಭೀಮಸೇನರಾಯರಿಗೆ ಹೇಳಿಕಳಿಸಬೇಕು. ಇಲ್ಲದಿದ್ದರೆ ಅವರಿಗೆ ಸಿಟ್ಟು. ವಿಮಾ ಕಚೇರಿಯಲ್ಲಿ ಜೀವ ಸವೆಸಿ ನಿವೃತ್ತರಾದ ಈ ವಿಜಯಪುರದ ಮನುಷ್ಯನ ಕಿಸೆಯಲ್ಲಿ ಪೆನ್ನು ಇರದಿದ್ದರೂ ಟೆಸ್ಟರ್ ಇರುತ್ತಿತ್ತು. ಅವರು ಕೈ ಹಾಕಿದ ಮಿಕ್ಸರ್ ಕೆಲವೊಮ್ಮೆ ತಿರುಗುತ್ತಿತ್ತು, ಕೆಲವೊಮ್ಮೆ ಶಾಶ್ವತವಾಗಿ ಮಲಗುತ್ತಿತ್ತು. ಮಲಗಿದರೆ ತಪ್ಪು ಮಿಕ್ಸರ್ ಮಾಡಿದವರದು, ರಾಯರದಲ್ಲ.

ಅಂಥವರು ಈಗ ತಮ್ಮ ಮನೆಯ ಕಂಪ್ಯೂಟರಿನ ಮುಂದೆಯೇ ಸೋತು ಕೂತಿದ್ದರು. ಪರದೆಯ ಮೇಲೆ ಚಿತ್ರ ಬರುತ್ತಿತ್ತು, ಧ್ವನಿ ಮಾತ್ರ ಬರುತ್ತಿರಲಿಲ್ಲ.

ಹೆಂಡತಿ ಪದ್ಮಾವತಿ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಕೂತಾಗ ರಾಯರಿಗೆ ಅವಳು ದಿನಾ ಬೈಯುತ್ತಿದ್ದ ಮಾತು ನೆನಪಾಯಿತು. "ಆ ಟೆಸ್ಟರ್ ಇಟ್ಟು ಮದ್ಲ ಊಟಕ್ಕ ಬರ್ರಿ." ಮಾತೇನೋ ಅಕ್ಷರ ತಪ್ಪದೆ ನೆನಪಿತ್ತು. ಆದರೆ ಅದು ಅವರಿಗೆ ಕೇಳಿಸಿದ್ದು ಅವರದೇ ಧ್ವನಿಯಲ್ಲಿ. ಎಷ್ಟು ತಿಣುಕಿದರೂ ಅವಳ ಧ್ವನಿ ಬರಲೊಲ್ಲದು. ರಾಯರಿಗೆ ಹೆದರಿಕೆಯಾಯಿತು. ಹೆಂಡತಿ ಸತ್ತ ದಿನ ಆದದ್ದು ದುಃಖ, ಇದು ಹೆದರಿಕೆ.

ಮಗ ಕಿಶೋರನ ಮದುವೆಯ ವಿಡಿಯೋ ಹುಡುಕಿ ಟಿವಿಯಲ್ಲಿ ಹಾಕಿದರು. ಅದರ ತುಂಬ ಸಿನಿಮಾ ಸಂಗೀತ ಸುರಿದಿದ್ದರು, ಮದುಮಗನ ತಾಯಿ ಬರೀ ನಗುತ್ತ ಓಡಾಡುತ್ತಿದ್ದಳು. ಅವಳ ಫೋನು ಗುಂಡಿ ಒತ್ತುವ ಹಳೆಯ ಕಾಲದ್ದು, ಅದರಲ್ಲೇನೂ ಉಳಿದಿರಲಿಲ್ಲ. ಆಗ ಹೊಳೆದದ್ದು ಭಜನಾ ಮಂಡಳಿಯ ಶುಕ್ರವಾರ.

ಕೊರೋನಾ ಕಾಲದಲ್ಲಿ ವಡೋದರಾ, ಅಹಮದಾಬಾದ್, ಸೂರತ್‌ಗಳ ನಮ್ಮ ಕಡೆಯ ಹೆಂಗಸರು ಶುಕ್ರವಾರ ಸಂಜೆ ಕಂಪ್ಯೂಟರಿನಲ್ಲೇ ಕೂಡಿ ದೇವರ ಹಾಡು ಹೇಳುತ್ತಿದ್ದರು. ಮುಂದಾಳು ಅಹಮದಾಬಾದಿನ ಸುಲೋಚನಾಬಾಯಿ, ಪದ್ಮಾವತಿಯನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವವರು. ಎಲ್ಲರೂ ಒಟ್ಟಿಗೆ ಹಾಡಿದರೆ ಒಬ್ಬೊಬ್ಬರ ಧ್ವನಿ ಒಂದೊಂದು ಹೊತ್ತಿಗೆ ತಲುಪಿ ದೇವರೇ ಕಿವಿ ಮುಚ್ಚಿಕೊಳ್ಳುವ ಹಾಗೆ ಆಗುತ್ತಿತ್ತು. ಅದಕ್ಕೆ ಪಾಳಿ ಮಾಡಿಕೊಂಡರು. ಪಾಳಿ ಬಂದವರು ಹಾಡಬೇಕು, ಉಳಿದವರು ಮ್ಯೂಟ್ ಆಗಿ ಬರೀ ತುಟಿ ಆಡಿಸಬೇಕು.

ಪದ್ಮಾವತಿ ಭಾರಿ ಸಂಕೋಚದವಳು. ತನ್ನ ಪಾಳಿ ಬಂದಾಗಲೆಲ್ಲ ನೆಗಡಿ, ತಲೆನೋವು ಎಂದು ನೆಪ ಹೇಳಿ ಮುಂದೆ ದೂಡುತ್ತಿದ್ದಳು. ಕಡೆಗೆ ಒಂದು ಶ್ರಾವಣ ಶುಕ್ರವಾರ ಒಪ್ಪಿದಳು. ರಾಯರು ಎಲ್ಲ ಜೋಡಿಸಿಕೊಟ್ಟು, ರೆಕಾರ್ಡಿಂಗ್ ಹಚ್ಚಿಟ್ಟರು. "ನೀವು ಎದುರಿಗೆ ಕೂತ್ರ ನನಗ ಬಾಯಿ ಬರೂದಿಲ್ಲ, ಎದ್ದು ಹೋಗ್ರಿ," ಎಂದಳು. ರಾಯರು ಬಾಗಿಲು ಎಳೆದುಕೊಂಡು ಬಾಲ್ಕನಿಗೆ ಹೋಗಿ ಪೇಪರ್ ಬಿಚ್ಚಿದರು. ಸಂಸಾರ ಹೂಡಿದಾಗಿನಿಂದ ಅಡಿಗೆಮನೆಯಲ್ಲಿ ಗುನುಗುತ್ತಿದ್ದ ಹಾಡು, ಅದಕ್ಕೆ ಹೊಸದಾಗಿ ಯಾರು ಕಿವಿಗೊಡುತ್ತಾರೆ? ಹಾಡು ಮುಗಿಸಿ ಅವಳು ಹೊರಗೆ ಬಂದಾಗ ಮುಖ ಅರಳಿತ್ತು. "ಎಲ್ಲಾರೂ ಭಾಳ ಛಲೋ ಆತು ಅಂದ್ರು ನೋಡ್ರಿ," ಎಂದಳು. ಮುಂದೆ ಊರು ತೆರೆಯಿತು, ಅವಳ ಪಾಳಿ ಮತ್ತೆ ಬರುವುದರೊಳಗೆ ಮಂಡಳಿ ಚದುರಿತು. ಸಾಯುವತನಕ ಅವಳು ಆ ಶುಕ್ರವಾರದ ಸುದ್ದಿ ಎತ್ತಿ ಎತ್ತಿ ಹೇಳಿ ಸುಖಪಟ್ಟಳು.

ಆ ರೆಕಾರ್ಡಿಂಗ್ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ರಾಯರು ಅವಳ ಹಳೆಯ ಸೀರೆಯ ಮುಸುಕು ತೆಗೆದು ಕಂಪ್ಯೂಟರ್ ಹಚ್ಚಿದರೆ, ಸ್ಪೀಕರಿನಿಂದ ಒಂದು ಕಿರುಗುಟ್ಟುವ ಸದ್ದೂ ಇಲ್ಲ.

ಸ್ಪೀಕರಿನ ವಾಯರು ಕಿತ್ತು, ಊದಿ, ಹಸಿರು ತೂತಿಗೆ ಮತ್ತೆ ಸಿಗಿಸಿದರು. ಕಿಶೋರನ ಹೆಡ್‌ಫೋನ್ ಹಾಕಿ ನೋಡಿದರು. ಬಂದ್ ಮಾಡಿ ಚಾಲೂ ಮಾಡಿದರು. ಫೋನಿನಲ್ಲಿ ಯಾವನೋ ಹಿಂದಿಯಲ್ಲಿ ಹೇಳಿಕೊಡುವುದನ್ನು ಕೇಳುತ್ತ ಸ್ಪೀಕರಿನ ಡ್ರೈವರ್ ತೆಗೆದು ಹೊಸದಾಗಿ ಕೂಡಿಸಿದರು. ಡಬ್ಬ ಬಿಚ್ಚಿ ಧೂಳು ಹೊಡೆದರು, ಮುಚ್ಚುವಾಗ ಒಂದು ಸ್ಕ್ರೂ ಉಳಿಯಿತು. ಹೊಸದು ತರೋಣ ಎಂದು ಕಿಶೋರ ಅಂದದ್ದಕ್ಕೆ ಅವನ ಮೇಲೆ ಹರಿಹಾಯ್ದರು. ಹಾಡು ಸಿಗಬೇಕು ಎಂದು ಅವನಿಗೆ ಹೇಳಲು ನಾಲಿಗೆ ಏಳಲಿಲ್ಲ.

ಕೊನೆಗೆ ಜಂಬ ನುಂಗಿಕೊಂಡು ರಿಪೇರಿ ಅಂಗಡಿಯ ರಾಕೇಶನನ್ನು ಕರೆಸಿದರು. ಅವನು ಕಂಡುಹಿಡಿದದ್ದು ಇಷ್ಟೇ. ಕಿಶೋರ ಹೊಸ ಮಾನಿಟರ್ ತಂದಾಗಿನಿಂದ ಕಂಪ್ಯೂಟರ್ ಧ್ವನಿಯನ್ನೆಲ್ಲ ಆ ಮಾನಿಟರಿಗೆ ಕಳಿಸುತ್ತಿತ್ತು, ಅದರಲ್ಲಿ ಸ್ಪೀಕರೇ ಇರಲಿಲ್ಲ. ಅವನು ಒಂದು ಕಡೆ ಒತ್ತಿದ್ದೇ ತಡ, ಸ್ಪೀಕರ್ ಟಿಣ್ ಎಂದಿತು. ರಾಯರಿಗೆ ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು. ಅವನನ್ನು ಚಹಾ ಕುಡಿಸಿ ಕಳಿಸಿ, ಕೋಣೆಯ ಬಾಗಿಲು ಹಾಕಿಕೊಂಡರು.

ರೆಕಾರ್ಡಿಂಗ್ ಶುರುವಾಯಿತು. ಯಾರದೋ ಮನೆಯ ಕುಕ್ಕರ್ ಕೂಗಿತು, ಯಾರೋ ಕೆಮ್ಮಿದರು. "ಇವತ್ತ ಪದ್ಮಾ ವೈನಿ ಪಾಳಿ. ಎಲ್ಲಾರೂ ಮ್ಯೂಟ್ ಆಗ್ರಿ," ಎಂದರು ಸುಲೋಚನಾಬಾಯಿ, ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ. ಪದ್ಮಾವತಿ ಸೆರಗು ಸರಿಮಾಡಿಕೊಂಡಳು. ಕೈ ಮುಗಿದು ಕಣ್ಣು ಮುಚ್ಚಿ ಬಾಯಿ ತೆರೆದಳು.

ಏನೂ ಕೇಳಿಸಲಿಲ್ಲ.

ರಾಯರು ಧ್ವನಿ ಪೂರ್ತಿ ಏರಿಸಿದರು. ವಾಯರು ಅಲುಗಿಸಿದರು. ಹಿಂದಕ್ಕೆ ಒಯ್ದರೆ ಕುಕ್ಕರ್ ಕೂಗುತ್ತದೆ, ಕೆಮ್ಮು ಕೇಳುತ್ತದೆ, ಪದ್ಮಾವತಿ ಬಾಯಿ ತೆರೆದರೆ ನಿಶ್ಶಬ್ದ. ಪರದೆಯ ಚೌಕಗಳಲ್ಲಿ ಹೆಂಗಸರು ಕಣ್ಣರಳಿಸಿದರು, ಒಬ್ಬಾಕೆ ಕಿವಿಗೆ ಕೈ ಹಚ್ಚಿದಳು. ಸುಲೋಚನಾಬಾಯಿ ಮ್ಯೂಟ್ ತೆಗೆದು, "ವೈನಿ..." ಎಂದು ಬಾಯಿ ತೆಗೆದವರು ಅಲ್ಲಿಗೇ ನಿಲ್ಲಿಸಿದರು. ಹೇಳುತ್ತಿರುವ ದೇವರ ಹಾಡನ್ನು ಮಂಗಳವಾಗುವವರೆಗೆ ನಡುವೆ ಮುರಿಯಬಾರದು, ಅದು ಅವರ ಮನೆತನಗಳಲ್ಲಿ ನಡೆದುಬಂದ ರೀತಿ. ಕಣ್ಣು ಮುಚ್ಚಿದ್ದ ಪದ್ಮಾವತಿಯ ಮುಖದಲ್ಲಿ ಅಷ್ಟು ಸುಖವಿತ್ತು ಬೇರೆ. ಸುಲೋಚನಾಬಾಯಿ ಮೆಲ್ಲಗೆ ಕೈ ಜೋಡಿಸಿದರು. ಉಳಿದವರೂ ಜೋಡಿಸಿದರು. ಏನೂ ಕೇಳಿಸದ ಹಾಡಿಗೆ ಅಷ್ಟೂ ಜನ ತಲೆದೂಗುತ್ತ ಕೂತರು.

"ಭಾಳ ಛಲೋ ಆತು ವೈನಿ," ಎಂದರು ಕೊನೆಯಲ್ಲಿ ಸುಲೋಚನಾಬಾಯಿ.

ರಾಯರು ಧ್ವನಿಯ ಸೆಟ್ಟಿಂಗ್ ತೆರೆದರು. ಮೈಕಿನ ಗುರುತು ಸೊನ್ನೆಯ ಮೇಲಿತ್ತು. ಆಗ ನೆನಪಾಯಿತು. ಅವಳ ಪಾಳಿಯ ಹಿಂದಿನ ಶುಕ್ರವಾರ, ನಿಮ್ಮ ಮನೆಯ ಫ್ಯಾನಿನ ಸದ್ದು ಬರುತ್ತದೆ ಎಂದು ಸುಲೋಚನಾಬಾಯಿ ಹೇಳಿದ್ದರು. ಇವರು ಮೈಕನ್ನು ತಳದವರೆಗೆ ಎಳೆದು, ಹೆಂಗ ರಿಪೇರಿ ಮಾಡಿದೆ ನೋಡು ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ್ದರು. ಆಮೇಲೆ ಮೇಲೆತ್ತುವುದನ್ನು ಮರೆತಿದ್ದರು.

ಅವತ್ತು ಆ ಹಾಡು ಲೋಕದಲ್ಲಿ ಕೇಳಿಸುತ್ತಿದ್ದದ್ದು ಈ ಕೋಣೆಯೊಳಗೆ ಮಾತ್ರ. ಕೇಳಬಹುದಾಗಿದ್ದವರು ಒಬ್ಬರೇ, ಅವರು ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು. ರಾಯರು ಬಾಯಿಗೆ ಪಂಚೆಯ ಚುಂಗು ಒತ್ತಿಕೊಂಡು ಅತ್ತರು. ರಿಪೇರಿ ಮಾಡುವಂಥದ್ದು ಇನ್ನೇನೂ ಉಳಿದಿರಲಿಲ್ಲ.

ಕಚೇರಿಯಿಂದ ಬಂದ ಕಿಶೋರ ಬಾಗಿಲು ಸರಿಸಿ ಇಣುಕಿದ. "ಸೌಂಡ್ ಬಂತೇನ್ರಿ ಅಪ್ಪಾ?"

"ಬಂತಪಾ," ಎಂದರು ರಾಯರು, ಸೀರೆಯನ್ನು ಮತ್ತೆ ಕಂಪ್ಯೂಟರಿನ ಮೇಲೆ ಹೊದಿಸುತ್ತ. "ಎಲ್ಲಾರದೂ ಬಂತು."