ಗುಡ್ಡದ ನಕ್ಷತ್ರಕ್ಕೆ ಕರೆಂಟು

ನಮ್ಮ ಕೇರಿಗೆ ಬೀದಿದೀಪ ಹಾಕಿಸುತ್ತೇವೆಂದರು ಪಂಚಾಯ್ತಿಯವರು, ಹಾಕಿಸಲಿಲ್ಲ. ಕಂಬವಾದರೂ ನೆಡುತ್ತೇವೆಂದರು, ಅದೂ ಇಲ್ಲ. ಇವತ್ತು ನೋಡಿ ಗೆಳೆಯರೇ, ಪಾವಗಡದ ನಮ್ಮೂರ ಗುಡ್ಡಕ್ಕೆ ಕಂಬ, ತಂತಿ, ಬಲ್ಬು ಎಲ್ಲ ಬಂತು! ಉಪಗ್ರಹದಲ್ಲಿ ಕಳಿಸುವ ದುರ್ಬೀನನ್ನು ಮೊದಲು ನೆಲದಲ್ಲೇ ಪರೀಕ್ಷಿಸಲು ಬಂದ ವಿಜ್ಞಾನಿಗಳಿಗೆ ಆ ಬಲ್ಬೇ ನಕ್ಷತ್ರವಂತೆ.

"ಇದು ಬರೀ ತಾಲೀಮಮ್ಮ, ನಾಟಕಕ್ಕೆ ಮುಂಚೆ ಮಾಡ್ತೀರಲ್ಲ, ಹಾಗೆ" ಎಂದರು ಆ ವಿಜ್ಞಾನಿಗಳ ಹಿರಿಯ ಸಾಹೇಬರು, ವಿಚಾರಿಸಲು ಹೋದ ಕೇರಿಯ ಹನುಮಕ್ಕನಿಗೆ.

ಹನುಮಕ್ಕ ಬಿಡಲಿಲ್ಲ. "ಅಂಗಾರೆ ನಮ್ಗೂ ಒಂದ್ ಬಲ್ಬ್ ಹಾಕ್ಸಿ ಸ್ವಾಮಿ. ಮೊಮ್ಮಗ್ಳು ಎಸ್ಸೆಲ್ಸಿ, ಅವ್ಳೂ ತಾಲೀಮ್ ಮಾಡ್ಬೇಕು."

"ಅಲ್ಲಿ ಬೆಳಕಾದರೆ ನಮ್ಮ ನಕ್ಷತ್ರ ಸರಿಯಾಗಿ ಕಾಣಲ್ಲಮ್ಮ."

"ಥೂ! ಸುಳ್ಳು ನಕ್ಷತ್ರ ಕಾಣ್ಲಿ ಅಂತ ನಿಜವಾದ್ ಮನ್ಸ್ರು ಕತ್ಲಲ್ಲಿ ಕೂರ್ಬೇಕಾ?"

ಸಾಹೇಬರು ದುರ್ಬೀನಿನಲ್ಲಿ ಕಣ್ಣಿಟ್ಟು ಕೂತರು. ಅದಕ್ಕೇ ಗೆಳೆಯರೇ, ಹನುಮಕ್ಕನ ಮೊಮ್ಮಗಳು ಪುಸ್ತಕ ತರಲಿ, ಉಳಿದವರು ಚಾಪೆ ತನ್ನಿ. ನಮ್ಮ ಮುಂದಿನ ಸಭೆ ಆ ನಕ್ಷತ್ರದ ಕೆಳಗೇ, ಶುಕ್ರವಾರ ಸಂಜೆ ಏಳಕ್ಕೆ.