ಗ್ಯಾರಂಟಿ ಗಾಡಿಯ ತಾಯಪ್ಪ

ದೋರನಹಳ್ಳಿಯ ತಾಯಪ್ಪನನ್ನು ಶಹಾಪುರದ ಗಾಡಿ ಸ್ಟ್ಯಾಂಡಿನಲ್ಲಿ ಈಗ ಯಾರೂ ಬರೀ ತಾಯಪ್ಪ ಎನ್ನುವುದಿಲ್ಲ. ಗ್ಯಾರಂಟಿ ಗಾಡಿಯ ತಾಯಪ್ಪ ಎನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಅವನೂ ಓಗೊಡುತ್ತಾನೆ. ಗ್ಯಾರಂಟಿ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿಯಿತು. ಗಡಿಗೆಯ ಬಾಯಿ ಮುಚ್ಚಬಹುದು, ಊರಿನ ಬಾಯಿ ಮುಚ್ಚಲಾಗುವುದಿಲ್ಲ.

ನಾನು ಅವನನ್ನು ಮೊದಲು ಕಂಡದ್ದು ಕಾಲುವೆ ಅಗೆಯುತ್ತಿದ್ದ ಕಾಲದಲ್ಲಿ. ಕಾಲುವೆ ಕಚೇರಿಯಲ್ಲಿ ನಾನು ಗುಮಾಸ್ತ, ಅವನು ಜೀಪಿನ ಡ್ರೈವರ್. ಸಾಹೇಬರು ಬದಲಾದರು, ಜೀಪು ಬದಲಾಗಲಿಲ್ಲ. ಅದು ಕೆಟ್ಟಾಗಲೆಲ್ಲ ಹೋಗಿ ನಿಲ್ಲುತ್ತಿದ್ದುದು ಸುರಪುರ ರಸ್ತೆಯ ಫಕ್ರುದ್ದೀನ ಮಿಸ್ತ್ರಿಯ ತಗಡಿನ ಶೆಡ್ಡಿನ ಮುಂದೆ. ಒಮ್ಮೆ ಮಳೆಗಾಲದಲ್ಲಿ ಕೊಂಕಲ್ ಕಡೆಯ ಎರೆಹೊಲದಲ್ಲಿ ಜೀಪು ಹೂತುಹೋದಾಗ ಫಕ್ರುದ್ದೀನ ಸಾಮಾನಿನ ಚೀಲ ತಲೆಯ ಮೇಲೆ ಹೊತ್ತು ಕೆಸರಿನಲ್ಲಿ ನಡೆದುಕೊಂಡು ಹೋಗಿದ್ದ. ಸರಕಾರಿ ಜೀಪಿಗಾಗಿ ಯಾರೂ ಅಷ್ಟು ಕೆಸರು ತುಳಿಯುವುದಿಲ್ಲ. ಅವನು ತುಳಿದದ್ದು ತಾಯಪ್ಪನಿಗಾಗಿ. ಅಂದಿನಿಂದ ಒಬ್ಬ ಇನ್ನೊಬ್ಬನನ್ನು ಲೇ ಎನ್ನದೆ ಕರೆದದ್ದನ್ನು ನಾನು ಕೇಳಲಿಲ್ಲ. ತಾಯಪ್ಪನ ತಂದೆ ತೀರಿಕೊಂಡಾಗ ಫಕ್ರುದ್ದೀನ ಮೂರು ದಿನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಫಕ್ರುದ್ದೀನನ ಮಗಳು ಹಬೀಬಾ ಹುಟ್ಟಿದಾಗ ಅವನ ಹೆಂಡತಿ ಮುನ್ನಿಬೀಯನ್ನು ದವಾಖಾನೆಗೆ ಒಯ್ದದ್ದು ಅದೇ ಜೀಪು. ಆ ಪ್ರಯಾಣ ಯಾವ ಲೆಕ್ಕದಲ್ಲೂ ಬರಲಿಲ್ಲ, ಸಾಹೇಬರು ಕೇಳಲೂ ಇಲ್ಲ.

ತಾಯಪ್ಪ ನಿವೃತ್ತನಾದ ಮೇಲೆ ಬಂದ ದುಡ್ಡಿನಲ್ಲಿ ಏಳು ಸೀಟಿನ ಹೊಸ ಗಾಡಿ ತಂದ. ಜೀವನವಿಡೀ ಮಂದಿಯ ಗಾಡಿ ಓಡಿಸಿದವನು, ಈಗ ತನ್ನದು. ಬಾಡಿಗೆಗೆ ಬಿಟ್ಟು ಮುಪ್ಪು ಕಳೆಯುವ ಲೆಕ್ಕ. ಅವನ ಬದುಕೆಲ್ಲ ಆ ನಾಲ್ಕು ಗಾಲಿಗಳ ಮೇಲೆ ನಿಂತಿತ್ತು, ಅದರಲ್ಲಿ ಸುಳ್ಳಿಲ್ಲ.

ಗಾಡಿಯನ್ನು ತಿಂಥಣಿಗೆ ಒಯ್ದು ಮೌನೇಶ್ವರನಿಗೆ ಕೈಮುಗಿದು, ಕಾಯಿ ಒಡೆಸಿ, ಕರಿದಾರ ತಂದ. ಬಂಪರಿಗೆ ಲಿಂಬೆಹಣ್ಣು ಮೆಣಸಿನಕಾಯಿ ಯಾರು ಬೇಕಾದರೂ ಕಟ್ಟಬಹುದು. ಬಾನೆಟ್ಟಿನ ಒಳಗಿನ ದಾರವನ್ನು ಮಾತ್ರ ನಮ್ಮ ಡ್ರೈವರುಗಳು ತಾವು ಕಟ್ಟುವುದಿಲ್ಲ, ಮಿಸ್ತ್ರಿಯ ಕೈಯಿಂದ ಕಟ್ಟಿಸುತ್ತಾರೆ. ಮಿಸ್ತ್ರಿ ಕಟ್ಟಿದರೆ ಗಾಡಿ ನಡುದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ನಂಬಿಕೆ. ತಾಯಪ್ಪ ಸೀದಾ ಫಕ್ರುದ್ದೀನನ ಶೆಡ್ಡಿಗೆ ಬಂದ. ಎದುರಿನ ಚಹಾದಂಗಡಿಯಲ್ಲಿ ಕೂರುವುದು ನನ್ನ ದಿನದ ಕೆಲಸ, ಹಾಗಾಗಿ ನೋಡಿದೆ.

ಫಕ್ರುದ್ದೀನ ಗಾಡಿಯನ್ನು ಒಂದು ಸುತ್ತು ಸುತ್ತಿದ, ಮುಟ್ಟಲಿಲ್ಲ.

“ಲೇ ತಾಯ್ಯಾ, ಗ್ಯಾರಂಟಿ ಗಾಡಿ ಅದ. ನಾ ಬಾನೆಟ್ ಎತ್ತೂದು ಬ್ಯಾಡ. ನೀನ ಕಟಗೋ.”

“ನೀ ದಾರ ಕಟ್ಟಲಾರದ ಗಾಡಿ ನಾ ಹ್ಯಾಂಗ ಓಡಸ್ಲಿ ಲೇ? ಕಟ್ಟು ಸುಮ್ನ.”

“ಕಟ್ತೀನಿ. ಆದ್ರ ಇದ ಕಡೀದು. ಮೂರು ವರ್ಷ ಕಂಪನಿ ಕಡೀನ ತೋರ್ಸು. ನನ್ನ ಕೈ ಬಿತ್ತಂದ್ರ ಅವರು ಗ್ಯಾರಂಟಿ ಕೊಡಂಗಿಲ್ಲ. ಮೂರು ವರ್ಷ ಆದಮ್ಯಾಲ ಅದು ನಂದು.”

ಹೀಗೆ ಹೇಳಿ ಅವನು ಕೈ ತೊಳೆದುಕೊಂಡು, ಬಾಯಲ್ಲಿ ಏನೋ ಅಂದುಕೊಂಡು, ರೇಡಿಯೇಟರಿನ ಫ್ಯಾನಿನ ಹತ್ತಿರ ಹಾದುಹೋಗುವ ವೈರುಗಳ ಕಟ್ಟಿಗೆ ದಾರ ಸುತ್ತಿ ಗಂಟು ಹಾಕಿದ. ಬೇರೆಲ್ಲ ಕಡೆ ಬಿಸಿ ತಗುಲಿ ದಾರ ಸುಟ್ಟುಹೋಗುತ್ತದೆ ಎಂದ.

ಆಮೇಲೆ ಶುರುವಾಯಿತು ನೋಡಿ ಕಲಬುರಗಿಯ ಯಾತ್ರೆ. ಕಂಪನಿಯ ಸರ್ವಿಸ್ ಇದ್ದುದು ಅಲ್ಲಿ. ಆಯಿಲ್ ಬದಲಿಸಲು ಹೋದರೂ ಒಂದು ದಿನದ ಬಾಡಿಗೆ ಹಾಳು. ಫಕ್ರುದ್ದೀನ ಒಂದು ಬೀಡಿ ಸೇದುವಷ್ಟರಲ್ಲಿ ಮಾಡುವ ಕೆಲಸಕ್ಕೆ ಅಲ್ಲಿ ಬೆಳಗಿನಿಂದ ಸಂಜೆ. ಆದರೆ ಅಲ್ಲಿ ತಂಪು ಹವೆಯ ಕೋಣೆ ಇತ್ತು, ಮೆತ್ತನೆಯ ಕುರ್ಚಿ ಇತ್ತು, ಗಾಜಿನ ಆಚೆ ತನ್ನ ಗಾಡಿ ಮೇಲೇರುವುದನ್ನು ನೋಡುತ್ತ ಕೂರಬಹುದಿತ್ತು. ಟೈ ಕಟ್ಟಿದ ಹುಡುಗಿ ಸರ್ ಎನ್ನುತ್ತಿದ್ದಳು. ಜೀವಮಾನವಿಡೀ ಸಾಹೇಬರಿಗೆ ಬಾಗಿಲು ತೆಗೆದವನಿಗೆ ಆ ಸರ್ ತಲೆಗೇರಿತು. ಏರಲಿ ಬಿಡಿ, ಅದು ತಪ್ಪಲ್ಲ. ಇಳಿಯಲಿಲ್ಲವಲ್ಲ, ಅದು ತಪ್ಪು. ಬರಬರುತ್ತ ಅವನು ಗಾಲಿಗೆ ಗಾಳಿ ಹಾಕಿಸಲೂ ಫಕ್ರುದ್ದೀನನ ಹತ್ತಿರ ನಿಲ್ಲುವುದನ್ನು ಬಿಟ್ಟ. ಹಾರನ್ನು ಒತ್ತಿ ಮುಂದೆ ಹೋಗುತ್ತಿದ್ದ.

“ತಾಯಪ್ಪಂದು ಗಾಡಿ ಅಲ್ಲೋ, ಹೊಸಾ ಸೊಸಿ. ಒಂದು ಸೀನು ಬಂದ್ರೂ ತವರಮನಿಗಿ ಹೊಂಟು ನಿಲ್ತದ,” ಎಂದು ಚಹಾದಂಗಡಿಯ ಸಂಗಣ್ಣ ನಗಿಸುತ್ತಿದ್ದ. ಫಕ್ರುದ್ದೀನನೂ ನಗುತ್ತಿದ್ದ. “ನಾನ ಹೇಳೀನೋ ಮಾರಾಯಾ ಅಲ್ಲೇ ಒಯ್ಯಿ ಅಂತ,” ಎನ್ನುತ್ತಿದ್ದ.

ಮೂರನೆಯ ವರ್ಷದ ಬೇಸಿಗೆ. ಗ್ಯಾರಂಟಿ ಮುಗಿಯಲು ಇನ್ನೂ ಕೆಲವು ತಿಂಗಳಿದ್ದವು. ಸುರಪುರದಿಂದ ಮಂದಿಯನ್ನು ತರುವಾಗ ಹತ್ತಿಗೂಡೂರಿನ ಈಚೆ ಫ್ಯಾನು ನಿಂತು, ನೀರು ಕುದಿದು, ಇಂಜಿನ್ನು ಬಿಗಿದುಕೊಂಡಿತು. ಸುದ್ದಿ ಕೇಳಿ ಫಕ್ರುದ್ದೀನ ಕೈಯಲ್ಲಿದ್ದ ಕೆಲಸ ಬಿಟ್ಟು ಬೈಕು ಹೊಡೆದ, ಅವನ ಹಿಂದೆ ನಾನೂ ಕುಳಿತೆ. ಬಾನೆಟ್ಟಿಗೆ ಕೈ ಚಾಚಿದನೋ ಇಲ್ಲವೋ, ತಾಯಪ್ಪ ಅಡ್ಡ ಬಂದ.

“ಮುಟ್ಟಬ್ಯಾಡ! ಗ್ಯಾರಂಟಿ ಹೋಗ್ತದ!”

ಇಳಿದು ನಿಂತ ಮಂದಿಯೆಲ್ಲ ತಿರುಗಿ ನೋಡಿದರು. ಫಕ್ರುದ್ದೀನ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅಂಗಿಗೆ ಒರೆಸಿಕೊಂಡ. ನನಗೆ ಮೈ ಉರಿಯಿತು, ಅವನಿಗೆ ಉರಿಯಲಿಲ್ಲ. ಮಂದಿಯನ್ನು ಬಸ್ಸು ಹತ್ತಿಸಿ, ಕಲಬುರಗಿಯಿಂದ ಎಳೆದೊಯ್ಯುವ ಗಾಡಿ ಬರುವವರೆಗೆ ತಾಯಪ್ಪನ ಜೊತೆ ಬೇವಿನ ಮರದ ಕೆಳಗೆ ಕುಳಿತ. “ಚಿಂತಿ ಮಾಡಬ್ಯಾಡಲೇ, ಗ್ಯಾರಂಟಿ ಅದ, ಹೊಸಾ ಇಂಜಿನ್ ಹಾಕಿ ಕೊಡ್ತಾರ,” ಎಂದು ಮೂರು ಸಲ ಹೇಳಿದ.

ಮರುವಾರ ಕಂಪನಿಯವರು ಕರೆದರು. ನಾಲ್ಕಕ್ಷರ ಬಲ್ಲವನೆಂದು ತಾಯಪ್ಪ ನನ್ನನ್ನೂ ಕರೆದೊಯ್ದ. ಅಲ್ಲಿಯ ಮ್ಯಾನೇಜರು, ದಕ್ಷಿಣದ ಕಡೆಯವನು, ಬಾನೆಟ್ ಎತ್ತಿ ಪೆನ್ನಿನ ತುದಿಯಿಂದ ಕರಿದಾರವನ್ನು ತೋರಿಸಿದ.

“ಇದು ಏನು? ಫ್ಯಾನಿನ ವೈರಿಂಗಿಗೆ ಹೊರಗಿನ ಕೈ ಬಿದ್ದಿದೆ. ಹೊರಗೆ ಸರ್ವಿಸ್ ಮಾಡಿಸಿದ್ದೀರಾ?”

“ಇಲ್ರೀ ಸರ, ದೇವರಾಣಿ ಇಲ್ರೀ. ಎಲ್ಲಾ ನಿಮ್ಮ ಕಡೀನ ಮಾಡ್ಸೀನಿ. ಅದು ತಿಂಥಣಿ ದಾರ ಅದರಿ.”

“ದಾರ ತಾನಾಗಿ ಬಂದು ಕಟ್ಟಿಕೊಂಡಿತೇ?”

ಆ ದಾರದಿಂದ ಫ್ಯಾನು ನಿಂತಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ. ಇಷ್ಟು ದಿನ ಅದೇ ಬಾನೆಟ್ಟನ್ನು ಅವರೇ ಎತ್ತಿದ್ದರು, ಅದೇ ದಾರವನ್ನು ಅವರೇ ನೋಡಿದ್ದರು, ಆಗ ಯಾರೂ ಕೇಳಿರಲಿಲ್ಲ. ಇದನ್ನೇ ನಾನು ಹೇಳಿದೆ. ಮ್ಯಾನೇಜರು ನನ್ನ ಕಡೆ ನೋಡಲೂ ಇಲ್ಲ. ತಾಯಪ್ಪನ ಮುಂದೆ ಬಾಗಿ ಮೆತ್ತಗೆ ಹೇಳಿದ:

“ನೋಡಿ ಸರ್, ಒಬ್ಬ ಲೋಕಲ್ ಮೆಕ್ಯಾನಿಕ್ ನಿಮಗೆ ಗೊತ್ತಿಲ್ಲದೆ ವೈರಿಂಗ್ ಮುಟ್ಟಿದ್ದಾನೆ ಅಂತ ಬರೆದುಕೊಡಿ. ನಿಮ್ಮ ತಪ್ಪಿಲ್ಲ ಅಂತಾಗುತ್ತದೆ. ಮೇಲೆ ಕಳಿಸಿ ನೋಡೋಣ.”

“ಬರೀಬ್ಯಾಡ ತಾಯಪ್ಪಾ,” ಎಂದೆ. “ಗೊತ್ತಿಲ್ಲದ ಅಂದ್ರ ಏನು? ನೀನ ಹಟ ಮಾಡಿ ಕಟ್ಟಿಸೀದಿ.”

“ಖಂಡಪ್ಪಸರ, ನಿಮಗ ಪೆನ್ಶನ್ ಬರ್ತದ. ನನಗ ಈ ಗಾಡಿ ಒಂದ ಅದ,” ಎಂದ. “ಫಕ್ರು ನಮ್ಮವ. ಏನೂ ಅನ್ನಂಗಿಲ್ಲ.”

ಬರೆದದ್ದು ಆ ಟೈ ಕಟ್ಟಿದ ಹುಡುಗಿ. ಫಕ್ರುದ್ದೀನನ ಹೆಸರು, ಶೆಡ್ಡು ಇರುವ ರಸ್ತೆ, ಎಲ್ಲವನ್ನೂ ಹೇಳಿ ತಾಯಪ್ಪ ಕೆಳಗೆ ಸಹಿ ಮಾಡಿದ. ನಮ್ಮವನು ಏನೂ ಅನ್ನುವುದಿಲ್ಲ ಎಂಬ ಧೈರ್ಯದಿಂದ ನಾವು ನಮ್ಮವರಿಗೇ ಎಷ್ಟು ಕೇಡು ಮಾಡುತ್ತೇವೆ! ಪರರಿಗೆ ಮಾಡಲು ಅಷ್ಟು ಧೈರ್ಯ ಬರುವುದಿಲ್ಲ.

ಕೆಲವೇ ದಿನಗಳಲ್ಲಿ ಕಂಪನಿಯ ಒಬ್ಬ ಮನುಷ್ಯ ವಿಚಾರಣೆಗೆಂದು ಶೆಡ್ಡಿಗೆ ಬಂದ. ಫಕ್ರುದ್ದೀನ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದವನು ಎದ್ದು ಬಂದ. ಆ ಮನುಷ್ಯ ಮೊಬೈಲಿನಲ್ಲಿ ತಾಯಪ್ಪ ಕೊಟ್ಟ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. ರಸ್ತೆಯ ಈಚೆ ಕುಳಿತಿದ್ದ ನಮಗೂ ಕೇಳಿಸಿತು. ಸಂಗಣ್ಣ ಚಹಾ ಸೋಸುವುದನ್ನು ನಿಲ್ಲಿಸಿದ.

ಫಕ್ರುದ್ದೀನ ಕೈಗೆ ಹತ್ತಿದ ಗ್ರೀಸನ್ನು ಒರೆಸುತ್ತ ಕೇಳಿದ: “ಇದು ತಾಯಪ್ಪ ಹೇಳ್ಯಾನೇನ್ರಿ?”

“ಸಹಿ ಅವರದೇ ಇದೆ.”

“ನಾ ಹೌದು ಅಂದ್ರ ಅವನ ಇಂಜಿನ್ ಮಾಡಿ ಕೊಡ್ತೀರೇನ್ರಿ?”

“ನಿಜ ಹೇಳಿದರೆ ಕೆಲಸ ಬೇಗ ಆಗುತ್ತದೆ.”

ಫಕ್ರುದ್ದೀನ ಕೈ ಒರೆಸಿದ ಅರಿವೆಯನ್ನು ಹೆಗಲಿಗೆ ಹಾಕಿಕೊಂಡ. “ಹಂಗಾರ ಬರ್ಕೋರಿ. ನಾನ ಮುಟ್ಟೀನಿ. ಅವಗ ಗೊತ್ತಿಲ್ಲ.”

ಅವನು ಮತ್ತೆ ಟ್ರ್ಯಾಕ್ಟರಿನ ಕೆಳಗೆ ಹೋದ. ಬಹಳ ಹೊತ್ತು ಅಲ್ಲಿಂದ ಯಾವ ಸಪ್ಪಳವೂ ಬರಲಿಲ್ಲ. ಕೆಲಸ ಮಾಡುತ್ತಿರಲಿಲ್ಲ, ಸುಮ್ಮನೆ ಮಲಗಿದ್ದ ಎಂದು ನನಗೆ ಗೊತ್ತಾಯಿತು.

ಕಂಪನಿಯ ಉತ್ತರ ಬಂತು. ಗಾಡಿಗೆ ಹೊರಗಿನ ಕೈ ಬಿದ್ದದ್ದನ್ನು ಮಾಲಕನೂ ಹೇಳಿದ್ದಾನೆ, ಮುಟ್ಟಿದವನೂ ಒಪ್ಪಿಕೊಂಡಿದ್ದಾನೆ; ಆದ್ದರಿಂದ ಗ್ಯಾರಂಟಿ ಅನ್ವಯಿಸುವುದಿಲ್ಲ. ಒಬ್ಬನ ಸುಳ್ಳಿಗೆ ಇನ್ನೊಬ್ಬನ ಸುಳ್ಳು ಸಾಕ್ಷಿ. ಅವರು ಇಬ್ಬರನ್ನೂ ನಂಬಿದರು, ನಂಬಿಯೇ ಮುಳುಗಿಸಿದರು. ಆ ದಿನ ತಾಯಪ್ಪನಿಗೆ ನಾನು ಬಾಯಿಗೆ ಬಂದಂತೆ ಬೈದೆ. ಫಕ್ರುದ್ದೀನ ಅವನ ಸುಳ್ಳನ್ನು ಹೇಗೆ ತನ್ನ ಮೈಮೇಲೆ ಎಳೆದುಕೊಂಡ ಎಂಬುದನ್ನೂ ಹೇಳಿದೆ. ಅವನು ಗೋಡೆಗೆ ತಲೆ ಆನಿಸಿ ಅತ್ತ.

“ಹೋಗಿ ಕಾಲ ಹಿಡಿ,” ಎಂದೆ.

“ಯಾ ಮಾರಿ ಇಟಗೊಂಡು ಹೋಗ್ಲಿ ಸರ?”

ಹೋಗಲಿಲ್ಲ. ನಾಚಿಕೆಯೂ ಒಂದು ಬಗೆಯ ಸೊಕ್ಕೇ. ಮಿಸ್ತ್ರಿಗಳೇ ತುಂಬಿದ ಶಹಾಪುರವನ್ನು ಬಿಟ್ಟು ಭೀಮಾ ನದಿ ದಾಟಿ ಯಾದಗಿರಿಗೆ ಗಾಡಿ ಎಳೆಸಿಕೊಂಡು ಹೋದ. ಹೆಂಡತಿ ಅಯ್ಯಮ್ಮನ ಕೊರಳು ಬರಿದಾಯಿತು, ಇಂಜಿನ್ನು ತಿರುಗಿತು. ಮೊದಲಿನ ಹಾಗೆ ಓಡಲಿಲ್ಲ. ಸುರಪುರದ ಬಾಡಿಗೆ ಬಂದರೆ ಶೆಡ್ಡಿನ ಮುಂದೆ ಹಾಯಬೇಕಾಗುತ್ತದೆಂದು ಕಾಲುವೆಯ ದಂಡೆಯ ಕಚ್ಚಾ ದಾರಿ ಹಿಡಿಯುತ್ತಿದ್ದ. ಗಾಡಿಯೊಳಗಿನ ಮಂದಿ ಧೂಳು ಕುಡಿದು ಅವನಿಗೆ ಶಾಪ ಹಾಕುತ್ತಿದ್ದರು. ಫಕ್ರುದ್ದೀನನೂ ಅವನ ಹೆಸರೆತ್ತಲಿಲ್ಲ. ನಾವು ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದ.

ಒಂದೂವರೆ ವರ್ಷ ಹೀಗೇ ಹೋಯಿತು. ಹಬೀಬಾಳ ಮದುವೆ ಗೊತ್ತಾಯಿತು. ಗಂಡು ಸುರಪುರದವನು, ನಿಕಾಹ್ ಸುರಪುರದ ಶಾದಿಮಹಲಿನಲ್ಲಿ. ಒಂದು ದಿನ ತಾಯಪ್ಪ ಏದುಸಿರು ಬಿಡುತ್ತ ನನ್ನ ಮನೆಗೆ ಬಂದ.

“ಸರ, ಫಕ್ರು ಫೋನ್ ಮಾಡಿದ್ದ! ಹಬೀಬಾನ ಕರಕೊಂಡು ಹೋಗಾಕ ನನ್ನ ಗಾಡೀನ ಬೇಕಂತ!”

“ಏನಂದ?”

“ಗಾಡಿ ಖಾಲಿ ಅದ ಏನ್ರಿ, ಬಾಡಗಿ ಎಷ್ಟ್ರಿ ಅಂದ. ಚಾಷ್ಟಿ ಮಾಡ್ತಾನ, ನೋಡ್ರಿ ಸರ. ನನಗ ರೀ ಅಂತಾನ!”

ಚೇಷ್ಟೆ ಅಲ್ಲವೆಂದು ನನಗೆ ಗೊತ್ತಾಯಿತು. ನನ್ನ ಮನೆಗೆ ಮದುವೆಯ ಕಾರ್ಡು ಬಂದಿತ್ತು, ಅವನ ಮನೆಗೆ ಬಂದಿರಲಿಲ್ಲ. ಕಾರ್ಡನ್ನು ದಿಂಬಿನ ಕೆಳಗೆ ಸರಿಸಿದೆ. ನಗುತ್ತಿದ್ದ ಮುಖಕ್ಕೆ ಅದನ್ನು ತೋರಿಸುವಷ್ಟು ಕಲ್ಲು ನಾನಲ್ಲ.

ಅಯ್ಯಮ್ಮ ಹಬೀಬಾಳಿಗೆಂದು ಸೀರೆ ತೆಗೆದಳು. ತಾಯಪ್ಪ ಗಾಡಿ ತೊಳೆದು, ಹೊಸ ಅಂಗಿ ತೊಟ್ಟು, ಹೂವಿನ ಸರ ಕಟ್ಟಿ ಹೊತ್ತಿಗೆ ಮುಂಚೆಯೇ ಬಂದು ನಿಂತ. ಮದುಮಗಳು, ಮುನ್ನಿಬೀ, ಮುನ್ನಿಬೀಯ ಅಕ್ಕ ಅನ್ವರಬಿ ನಡುವಿನ ಸೀಟಿನಲ್ಲಿ. ಮುದುಕನಾದ ನನ್ನನ್ನು ಹಿಂದೆ ಕೂರಿಸಿದರು. ಫಕ್ರುದ್ದೀನ ಮುಂದೆ, ತಾಯಪ್ಪನ ಪಕ್ಕದಲ್ಲಿ ಕುಳಿತ. ಊರು ದಾಟಿತು. ತಾಯಪ್ಪ ಗಂಟಲು ಸರಿಮಾಡಿಕೊಂಡ.

“ಲೇ ಫಕ್ರೂ, ಆ ಕಾಗದದ್ದು…”

“ರಸ್ತಾ ನೋಡಿ ಹೊಡೀರಿ,” ಎಂದ ಫಕ್ರುದ್ದೀನ.

ಸುರಪುರ ಬರುವವರೆಗೆ ತಾಯಪ್ಪ ರಸ್ತೆಯನ್ನೇ ನೋಡಿ ಹೊಡೆದ. ಮುನ್ನಿಬೀ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮಗಳಿಗಾಗಿಯೋ ಇವರಿಗಾಗಿಯೋ ನಾನು ಕೇಳಲಿಲ್ಲ. ಶಾದಿಮಹಲಿನ ಮುಂದೆ ಇಳಿದೊಡನೆ ಫಕ್ರುದ್ದೀನ ಎಲ್ಲರೆದುರು ಬಾಡಿಗೆಯನ್ನು ತಾಯಪ್ಪನ ಕೈಗಿಟ್ಟು, ಅವನು ಬೇಡ ಎನ್ನುವ ಮೊದಲೇ ಬೆನ್ನು ತಿರುಗಿಸಿದ. ಅದು ಸೇಡು. ಫಕ್ರುದ್ದೀನನನ್ನು ಸಂತನನ್ನಾಗಿ ಮಾಡಲು ನಾನು ಹೋಗುವುದಿಲ್ಲ. ಆದರೆ ಅವನ ಜಾಗದಲ್ಲಿದ್ದರೆ ನಾನು ಇನ್ನೂ ಹೆಚ್ಚು ಮಾಡುತ್ತಿದ್ದೆ.

ನಿಕಾಹ್ ಮುಗಿದು ಊಟಕ್ಕೆ ಕರೆದರು. ತಾಯಪ್ಪ ಸೀರೆಯ ಪೊಟ್ಟಣವನ್ನು ಬಗಲಲ್ಲಿ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಬಂದು ಕುಳಿತ. ಊಟದ ಉಸ್ತುವಾರಿಯವನು ಅವನ ಕೈಯಲ್ಲಿದ್ದ ಗಾಡಿಯ ಕೀಲಿ ನೋಡಿ ಹತ್ತಿರ ಬಂದ.

“ಇದು ಬೀಗರ ಸಾಲ್ರಿ. ಡ್ರೈವರ್ ಮಂದಿ ಆ ಕಡಿ ಹಿಂದ ಕುಂದರ್ರಿ.”

ತಾಯಪ್ಪ ತಲೆಯೆತ್ತಿ ನೋಡಿದ. ಫಕ್ರುದ್ದೀನ ಅಲ್ಲೇ, ಕೈಯಳತೆಯಲ್ಲಿ ನಿಂತು ಬೀಗರಿಗೆ ಅತ್ತರು ಹಚ್ಚುತ್ತಿದ್ದ. ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನೂ ಅವನ ಮುಖವನ್ನೇ ನೋಡಿದೆ. ಅವನು ಕೇಳಿಸಿಕೊಂಡಿದ್ದ. ಉಸ್ತುವಾರಿಯವನ ಕಡೆ ತಿರುಗಿ, “ಡ್ರೈವರಗೋಳಿಗೆ ಛಲೋತಂಗ ನೀಡ್ರಿ, ಕಡಿಮಿ ಮಾಡಬ್ಯಾಡ್ರಿ,” ಎಂದು ಹೇಳಿ ಮುಂದಿನವನ ಅಂಗೈ ಹಿಡಿದ.

ತಾಯಪ್ಪ ಎದ್ದು ಹೋದ. ನನಗೆ ಉಣ್ಣಲಾಗಲಿಲ್ಲ. ಕೈ ತೊಳೆಯುವ ನೆಪದಿಂದ ಹಿಂದೆ ಹೋದೆ. ಅಲ್ಲಿ ತಗಡಿನ ನೆರಳಿನಲ್ಲಿ ಡ್ರೈವರುಗಳು ಸಾಲಾಗಿ ಕುಳಿತು ಉಣ್ಣುತ್ತಿದ್ದರು. ತಾಯಪ್ಪನ ಪಕ್ಕದಲ್ಲಿದ್ದ ರಾಯಚೂರಿನ ಡ್ರೈವರ್ ಎಲುಬು ಕಚ್ಚುತ್ತ ಕೇಳಿದ, “ಛಲೋ ಮಂದಿ ಕಾಣ್ತಾರ. ಮದಿಮಗಳ ಅಪ್ಪ ನಿಮಗ ಗುರುತಿನವರೇನ್ರಿ?”

ತಾಯಪ್ಪ ಬಾಯಲ್ಲಿದ್ದ ತುತ್ತನ್ನು ನುಂಗಿದ.

“ಇಲ್ರೀ,” ಎಂದ. “ನಾ ಬಾಡಗಿಗಿ ಬಂದೀನಿ.”